ಅಮ್ಮನನ್ನು ಕಾಲೇಜು ಹಿಂದಕ್ಕೆ ಕಳಿಸಿದ್ದು

ಆಲುವ
೧೪ ಜೂನ್ ೨೦೨೪

ಪ್ರೀತಿಯ ಚಿನ್ಮಯ್,

ಗುವಾಹಟಿಯ ಮಳೆಯಲ್ಲಿ ನಿನ್ನ ಕೆಮ್ಮು ಹೇಗಿದೆ? ನನ್ನ ಮಂಡಿನೋವು ಹಾಗೇ ಇದೆ, ನಾಲಿಗೆಯ ಚುರುಕೂ. ನಿಮ್ಮಮ್ಮ ಹೋಗಿ ತಿಂಗಳು ದಾಟಿತು. “ಮಾಸಿಕ ಮಾಡಿಸಿದಿರಾ ಅಪ್ಪ?” ಎಂದು ಫೋನಿನಲ್ಲಿ ಕೇಳಿದೆ. ಮಾಡಿಸಿಲ್ಲ. ಅವಳು ಪಿಂಡ ಕೇಳಿರಲಿಲ್ಲ.

ಅವಳು ಕೇಳಿದ್ದು ಏನೆಂದು ನೀನು ಮರೆತಿರಬಹುದು, ನಾನು ಮರೆತಿಲ್ಲ. ತಿರುವನಂತಪುರದಲ್ಲಿ ಇಪ್ಪತ್ತಾರು ವರ್ಷ ಸತ್ತ ಹಂದಿಗಳನ್ನು ತಂತಿಬಲೆಯೊಳಗಿಟ್ಟು, ಯಾವ ನೊಣ ಎಷ್ಟನೇ ದಿನ ಮೊಟ್ಟೆಯಿಡುತ್ತದೆ, ಚರ್ಮ ಯಾವಾಗ ಕಪ್ಪಿಡುತ್ತದೆ ಎಂದು ಬರೆದಿಟ್ಟವಳು ನಿಮ್ಮಮ್ಮ ಸುಮಿತ್ರ. ಸತ್ತು ಎಷ್ಟು ದಿನವಾಯಿತೆಂದು ಕೋರ್ಟಿಗೆ ಹೇಳಲು ಇದ್ದ ಪುಸ್ತಕಗಳೆಲ್ಲ ಹಿಮ ಬೀಳುವ ದೇಶಗಳವು. ಇಲ್ಲಿಯ ಸೆಕೆಗೆ ಅವು ಸುಳ್ಳು. ೨೦೦೩ರಲ್ಲಿ ಹಿನ್ನೀರಿನ ದಡದಲ್ಲಿ ಸಿಕ್ಕ ಹುಡುಗಿಯ ಕೇಸಿನಲ್ಲಿ ಅವಳು ಸಾಕ್ಷಿ ಹೇಳುತ್ತಿದ್ದಾಗ ಆರೋಪಿಯ ವಕೀಲ, “ಸತ್ತದ್ದು ಹುಡುಗಿ ಮೇಡಂ, ಹಂದಿಯಲ್ಲ” ಎಂದ. ಎಲ್ಲರೂ ನಕ್ಕರು. ಆರೋಪಿ ಬಿಡುಗಡೆಯಾದ. ಅದೇ ವಾರ ಅವಳು ದೇಹದಾನದ ಅರ್ಜಿ ತುಂಬಿದಳು. “ಮನುಷ್ಯರು ಕೊಳೆಯೋದನ್ನ ಇಟ್ಟು ನೋಡೋಕೆ ಇಲ್ಲಿ ಜಾಗವೇ ಇಲ್ಲ ಕಣ್ರೀ. ಕೊನೇಪಕ್ಷ ಹುಡುಗರು ಕೊಯ್ದಾದ್ರೂ ಕಲೀಲಿ.”

ಕಳೆದ ತಿಂಗಳು ಆ ಶುಕ್ರವಾರ ಬೆಳಗ್ಗೆ ಅವಳು ತೀರಿಹೋದಾಗ, ಮಧ್ಯಾಹ್ನವೇ ಗಾಡಿ ಕಳಿಸುತ್ತೇವೆ ಎಂದರು ಮೆಡಿಕಲ್ ಕಾಲೇಜಿನವರು. ನೀನು, “ನಾನು ಮುಖ ನೋಡದೆ ಕಳಿಸಬೇಡಿ” ಎಂದೆ. ಸರಿ, ನಮ್ಮಲ್ಲಿ ಮಗನಿಗಾಗಿ ಹೆಣವೂ ಕಾಯಬೇಕಲ್ಲ! ನಮ್ಮ ನಿವಾಸಿಗಳ ಸಂಘದ ಫ್ರೀಜರ್ ಪೆಟ್ಟಿಗೆಯನ್ನು ಅದರ ಉಸ್ತುವಾರಿಯ ಅಶ್ರಫ್ ತಂದಿಟ್ಟ. ನೀನು ಭಾನುವಾರ ಮಧ್ಯಾಹ್ನ ಬಂದೆ, ಮುಖ ನೋಡಿದೆ, ಮೂಗಿಗೆ ಕರವಸ್ತ್ರ ಹಿಡಿದೆ. ಕಾಲೇಜಿನಲ್ಲಿ ಡಾಕ್ಟರ್ ಜಾಯ್ಸ್ ಹೊದಿಕೆ ಸರಿಸಿ, “ಕೊಳೆಯೋಕೆ ಶುರುವಾಗಿದೆ ಅಂಕಲ್, ತಗೊಳ್ಳೋಕಾಗಲ್ಲ” ಎಂದರು. ಬದುಕಿಡೀ ಅದನ್ನೇ ಓದಿದವಳನ್ನು! ಅವರದು ನಿಯಮ, ಬಿಡು. ವಿದ್ಯುತ್ ಚಿತಾಗಾರದಲ್ಲಿ ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಯಾರೂ ಏನೂ ಕಲಿಯಲಿಲ್ಲ.

ಕಾಯಿಸಿದವನು ನೀನು. ಪೆಟ್ಟಿಗೆ ಕೆಟ್ಟಿತ್ತೆಂದು ನಾನು ಸಂಘಕ್ಕೆ ಎರಡು ಪುಟದ ದೂರು ಬರೆದೆ. ಅಶ್ರಫನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. “ಪಡಚ್ಚೋನಾಣೆ ಸಾರೇ, ಪೆಟ್ಟಿಗೆ ಸರಿಯಾಗೇ ಇತ್ತು” ಎಂದು ಗೇಟಿನ ಹತ್ತಿರ ದೇವರ ಮೇಲೆ ಆಣೆ ಹಾಕಿದ. ನಾನು ಬಾಗಿಲು ಹಾಕಿಕೊಂಡೆ.

ಕಷಾಯ ಕುಡಿ, ಸಿಗರೇಟು ಬಿಡು. ಸೊಸೆ ನಂದಿತಾಳಿಗೂ ನಿನಗೂ ಒಳ್ಳೆಯದಾಗಲಿ. ಬೈದರೂ ಹರಸುವ ಹಕ್ಕು ನನಗಿದೆ.

ನಿನ್ನ ಅಪ್ಪ,
ವೆಂಕಟೇಶ

ಲಕೋಟೆ ಅಂಟಿಸುವ ಮುಂಚೆ ಇದೊಂದು ಮಾತು: ಶನಿವಾರ ಬೆಳಗ್ಗೆ ಪೆಟ್ಟಿಗೆಯ ಪ್ಲಗ್ ಕಿತ್ತವನು ನಾನು. ಗಾಜಿನ ಕೆಳಗೆ ಅವಳ ರೆಪ್ಪೆಯ ಮೇಲೆ ಹನಿ ಕಟ್ಟಿತ್ತು. ಫ್ಯಾನಿಗೂ ಹೊದ್ದು ಮಲಗುತ್ತಿದ್ದವಳು, ಚಳಿಯಾಗುತ್ತಿದೆ ಅನ್ನಿಸಿಬಿಟ್ಟಿತು. ಅರ್ಧ ಗಂಟೆ ಎಂದುಕೊಂಡೆ, ಮತ್ತೆ ಹಾಕಲು ಮನಸ್ಸು ಬರಲಿಲ್ಲ. ಸಂಜೆ ಅಶ್ರಫನ ಸ್ಕೂಟರ್ ಸದ್ದು ಕೇಳಿ ಹಾಕಿದೆ. ಮೂವತ್ತನೇ ತಾರೀಕು ಸಂಘದ ಸಭೆ. ಅಂದು ಫೋನ್ ಮಾಡಿ, ನಾನು ಎದ್ದು ನಿಂತು ಹೇಳಿದೆನೋ ಇಲ್ಲವೋ ಕೇಳು.