ನಾಲ್ಕು ಗಂಟೆಯ ವಿಮಾನ

ಬೆಂಗಳೂರು
೧೨–೮–೨೦೦೪

ಪ್ರೀತಿಯ ಅಣ್ಣ,

ಅಮ್ಮನ ಚಿತೆಗೆ ಬೆಂಕಿಯಿಟ್ಟ ಮೇಲೆ ನಾನು ಬಸರೀಕಟ್ಟೆಗೆ ಬಂದಾಗ ನೀನು, "ಎಲ್ಲಿ ಹಾಳಾಗಿ ಹೋಗಿದ್ಯೋ ಮಾರಾಯ? ಎರಡು ಗಂಟೆ ಕಾದ್ವಿ" ಅಂದೆ. ಅಷ್ಟು ಜನರೆದುರು ಅದನ್ನು ಹೇಳುವುದು ಬೇಡವೆನಿಸಿತು. ಈಗ ಬರೆಯುತ್ತಿದ್ದೇನೆ.

ಆ ಬೆಳಿಗ್ಗೆ ನಾನು ವಿಮಾನವೊಂದರ ಚಕ್ರದ ಬೋಲ್ಟುಗಳನ್ನು ಪರೀಕ್ಷಿಸುತ್ತಿದ್ದೆ. ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಲೇಬೇಕು. ಕೊನೆಯ ಎರಡು ಉಳಿದಿದ್ದಾಗ, ಅಮ್ಮ ಹೋದಳೆಂದು ನಿನ್ನ ಫೋನ್ ಬಂತು. ಅವೆರಡನ್ನೂ ನೋಡದೆಯೇ ನೋಡಿದ್ದೇನೆಂದು ಸಹಿ ಹಾಕಿ ಬಸ್ ಹತ್ತಿದೆ. ವಿಮಾನ ಸಂಜೆ ನಾಲ್ಕಕ್ಕೆ ಹೊರಡುವುದಿತ್ತು. ಏನೂ ಆಗುವುದಿಲ್ಲ, ಯಾರಿಗೂ ಹೇಳುವುದು ಬೇಡ ಎಂದುಕೊಳ್ಳುತ್ತಲೇ ಬಾಳೆಹೊನ್ನೂರಿನವರೆಗೆ ಬಂದೆ.

ಅಲ್ಲಿ ನಮ್ಮ ಬಸರೀಕಟ್ಟೆಯ ಬಸ್ ಹೊರಡಲು ಸಿದ್ಧವಾಗಿ ನಿಂತಿತ್ತು. ಅದನ್ನು ಹತ್ತಲಾರದೆ ಎಸ್‌ಟಿಡಿ ಬೂತಿಗೆ ಹೋದೆ. ಲೈನ್ ಸಿಗಲು ಅರ್ಧ ಗಂಟೆ ಹಿಡಿಯಿತು. ನಡೆದದ್ದನ್ನು ಬೆಂಗಳೂರಿನ ನಮ್ಮ ಸಾಹೇಬರಿಗೆ ಹೇಳಿದೆ. ಅವರು ವಿಮಾನವನ್ನು ತಡೆದರು. ಅಷ್ಟರಲ್ಲಿ ಬಸ್ ಹೋಗಿಯಾಗಿತ್ತು. ಜೀಪೂ ಸಿಗದೆ ಮುಂದಿನ ಬಸ್ಸಿಗೆ ಕಾದು ಬಂದೆ.

ಮತ್ತೆ ಪರೀಕ್ಷಿಸಿದಾಗ ಎರಡು ಬೋಲ್ಟುಗಳೂ ಸರಿಯಾಗಿಯೇ ಇದ್ದವಂತೆ. ಸುಳ್ಳು ಸಹಿಗಾಗಿ ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಅದು ನ್ಯಾಯವೇ. ಫೋನ್ ಮಾಡದೆ ಬಂದಿದ್ದರೆ ಅಮ್ಮನ ಮುಖ ನೋಡಬಹುದಿತ್ತು ಎಂದು ದಿನಾ ಅನ್ನಿಸುತ್ತದೆ. ಆದರೂ ಮತ್ತೆ ಹಾಗೇ ಆದರೆ ಫೋನ್ ಮಾಡದೆ ಆ ಬಸ್ ಹತ್ತುತ್ತೇನೆ ಎಂದು ನಿನಗೆ ಸುಳ್ಳು ಹೇಳಲಾರೆ, ಅಣ್ಣ.

ಬೈದಾದರೂ ಒಂದು ಕಾಗದ ಬರೆ. ಅಮ್ಮನಿಗೆ ಯಾವ ಸೀರೆ ಉಡಿಸಿದ್ದಿರಿ, ಅವಳ ಮುಖ ಹೇಗಿತ್ತು, ಅಷ್ಟನ್ನು ತಿಳಿಸು. ಬೇರೆ ಯಾರನ್ನೂ ಕೇಳಲು ನನಗೆ ಧೈರ್ಯವಾಗಲಿಲ್ಲ.

ನಿನ್ನ ತಮ್ಮ,
ದಿವಾಕರ