ಸೆನಾದನ ದನಿ

ಫೋರ್ಟ್ ಲೀ

ಪ್ರೀತಿಯ ಅಕ್ಕ,

ನಿನ್ನ ಮಗಳ ಮದುವೆಯಲ್ಲಿ ನನ್ನ ಗಂಡ ಸೆನಾದ್ ಹಾಡಲೇಬೇಕು ಅಂತ ನೀನು ಅಂದಿದ್ದೆ. ಬ್ರಿಡ್ಜ್‌ವಾಟರ್‌ಗೆ ನಿನ್ನ ಮನೆಗೆ ಬಂದೇ ಹೇಳಬೇಕಿತ್ತು, ಆದರೆ ಬಾಯಿ ತೆರೆದರೆ ಅಳು ಬರುತ್ತದೆ. ಅವನಿಗೆ ಗಂಟಲಿನ ಕ್ಯಾನ್ಸರ್. ಸೋಮವಾರ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆದರೂ ಕಾಯಿಲೆ ಮರಳಬಹುದಂತೆ.

ಬೋಸ್ನಿಯಾದಲ್ಲಿ ಅವನು ಗಿಟಾರ್ ಹಿಡಿದು ನಿಂತರೆ ಇಡೀ ಸ್ಟೇಡಿಯಂ ಜೊತೆಗೆ ಹಾಡುತ್ತಿತ್ತು. ಯುದ್ಧ ಅವನನ್ನು ಇಲ್ಲಿಗೆ ತಂದಿತು. ಇಲ್ಲಿ ತನ್ನ ದೇಶದವರ ಮದುವೆಗಳಲ್ಲಿ ಹಾಡಿದ. ಎರಡನೇ ಚರಣಕ್ಕೆಲ್ಲ ಜನ ಊಟಕ್ಕೆ ಏಳುತ್ತಿದ್ದರು. ಅವನು ಪೂರ್ತಿ ಹಾಡಿಯೇ ಇಳಿಯುತ್ತಿದ್ದ.

ಮುಂದೆ ಅವನ ಪರವಾಗಿ ಮಾತಾಡುವ ಯಂತ್ರಕ್ಕೆ ಅವನದೇ ದನಿ ಕೂರಿಸುತ್ತಾರಂತೆ. ರೆಕಾರ್ಡ್ ಮಾಡಲು ನಿನ್ನೆ ಕುಳಿತಾಗ, "ಒಂದು ಹಾಡು ಹಾಡು," ಎಂದೆ.

"ಹಾಡು ಕ್ಯಾಸೆಟ್‌ನಲ್ಲಿ ಇದೆ. ಇದು ಇಲ್ಲ," ಎಂದು ತನ್ನ ಹರಕು ಕನ್ನಡದಲ್ಲಿ ಹೇಳಿ, "ಅಜ್ರಾ, ಊಟಕ್ಕೆ ಬಾ!" ಎಂದು ಮೈಕಿನ ಮುಂದೆಯೇ ಕರೆದ.

ರೂಮಿನಿಂದ ನಮ್ಮ ಮಗಳು "ಕಮಿಂಗ್, ಬಾಬೋ!" ಎಂದು ಓಡಿ ಬಂದಳು. ಅಡುಗೆ ಇನ್ನೂ ಆಗಿರಲಿಲ್ಲ. ಅವಳು ಅಪ್ಪನಿಗೆ ಒರಗಿ ಕುಳಿತಳು.

ಮದುವೆಗೆ ಬೇರೆ ಯಾರನ್ನಾದರೂ ಗೊತ್ತು ಮಾಡಿಕೋ. ಭಾನುವಾರದೊಳಗೆ ಅವನಿಗೆ ಫೋನ್ ಮಾಡು, ಏನಾದರೂ ಮಾತಾಡಿಸು. ಸೋಮವಾರದಿಂದ ನನ್ನ ನಂಬರಿಗೇ ಮಾಡು.

ನಿನ್ನ ತಂಗಿ,
ಶರ್ವಾಣಿ