ಸಾರಿನ ಫ್ಲಾಸ್ಕಿನ ವಿಷಯ

ಅಣ್ಣಾ ನಗರ್, ಚೆನ್ನೈ
ಬುಧವಾರ

ಸಿಸ್ಟರ್ ಪ್ರಣಮ್ಯಾ ಅವರಿಗೆ ಬದರಿನಾಥನ ನಮಸ್ಕಾರ.

‘ಐ ಬೆಗ್ ಟು ಸ್ಟೇಟ್’ ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಮುಂದಿನದು ಕಾಲೇಜಿನಲ್ಲೇ ಉಳಿದುಬಿಟ್ಟಿದೆ. ನೀವು ಕಾರ್ಕಳದವರಂತೆ, ಅದಕ್ಕೆ ಕನ್ನಡ.

ನಿನ್ನೆ ವಾರ್ಡಿನಲ್ಲಿ ನೀವು ನನ್ನ ವಿಸಿಟರ್ ಪಾಸ್ ಕಿತ್ತುಕೊಂಡದ್ದು ಸರಿಯೇ. ಬಾಯಿಗೆ ಏನೂ ಕೊಡಕೂಡದು, ‘ನಿಲ್ ಬೈ ಮೌತ್’ ಎಂದು ಬೋರ್ಡಿದೆ, ಓದಿದ್ದೆ. ಆದರೆ ನನ್ನ ಗೆಳೆಯ ವಿಷ್ಣುಮೂರ್ತಿಯ ಬಾಯಿಗೆ ಒಂದು ಹನಿಯೂ ಹಾಕಲಿಲ್ಲ, ಸಿಸ್ಟರ್. ಫ್ಲಾಸ್ಕ್ ತೆರೆದು ಮೂಗಿನ ಹತ್ತಿರ ಹಿಡಿದೆ, ಅಷ್ಟೇ. ಬೋರ್ಡಿನಲ್ಲಿ ನೋಸ್ ಎಂದಿಲ್ಲವಲ್ಲ.

ಅವನು ನಲವತ್ತು ವರ್ಷ ಹೋಟೆಲಿನಲ್ಲಿ ಸಾರು ಮಾಡಿದವನು. ಅಲ್ಲಿ ದಿನಾ ದೇವರಿಗೆ ನೈವೇದ್ಯ ಆಗುವ ಮೊದಲು ರುಚಿ ನೋಡುವಂತಿಲ್ಲ. ಉಪ್ಪು ಸಾಕೋ ಬೇಕೋ ಎಂದು ಆವಿಯಲ್ಲೇ ಹೇಳುತ್ತಿದ್ದ. ನನ್ನಾಕೆ ಹೋದ ಮೇಲೆ ಆರು ವರ್ಷ ನನಗೆ ಮಧ್ಯಾಹ್ನದ ಊಟ ಬಡಿಸಿದವನೂ ಅವನೇ. ಬೇಡವೆಂದರೂ ಬಿಡುತ್ತಿರಲಿಲ್ಲ. ಇರಲಿ, ಎಲ್ಲಿಗೋ ಹೋದೆ.

ಲಕ್ವ ಹೊಡೆದ ಮೇಲೆ ಒಂಬತ್ತು ದಿನ ಅವನು ಯಾರೊಂದಿಗೂ ಮಾತಾಡಿರಲಿಲ್ಲ. ನಿನ್ನೆ ನಾನು ಮಾಡಿದ ಸಾರಿನ ಆವಿ ತಾಗಿದ್ದೇ ತಡ, ಹುಬ್ಬು ಗಂಟಿಕ್ಕಿ, ತೊದಲುತ್ತ, ‘ಉಪ್ಪೇ ಇಲ್ಲ ಮಾರಾಯಾ’ ಎಂದ. ನನಗೆ ಅಳು ಬಂತು. ಆಗಲೇ ನೀವು ಬಂದಿರಿ.

ದಯವಿಟ್ಟು ನಾಳೆ ನಾಲ್ಕು ಗಂಟೆಗೆ ನನ್ನನ್ನು ಒಳಗೆ ಬಿಡಿ. ಚಮಚ ತರುವುದಿಲ್ಲ. ಬೇಕಾದರೆ ನೀವೇ ಪಕ್ಕದಲ್ಲಿ ನಿಂತಿರಿ. ಈ ಸಲ ಉಪ್ಪು ಸರಿಯಾಗಿ ಹಾಕಿ ತರುತ್ತೇನೆ. ಅಲ್ಲ, ನಾಳೆಯೂ ಕಡಿಮೆಯೇ ಹಾಕುತ್ತೇನೆ. ಬೈಯಲಿ.

ಯುವರ್ಸ್ ಒಬೀಡಿಯೆಂಟ್ಲಿ,
ಬದರಿನಾಥ
ಹನ್ನೆರಡನೇ ಬೆಡ್ಡಿನವನ ಗೆಳೆಯ